ಈ ವರ್ಷದ ಕೋಟು

ಕೋಟು ಎಂದರೆ ಚಳಿಗೆ ಹಾಕಿಕೊಳ್ಳುವ ಬಟ್ಟೆ ಎಂದು ಸಿಗ್ನೆ ನಲವತ್ತೆಂಟು ವರ್ಷ ನಂಬಿಕೊಂಡು ಬಂದಿದ್ದಳು. ಕೋಟಿಗೂ ಚಳಿಗೂ ಸಂಬಂಧವೇ ಇಲ್ಲ ಎಂದು ಆ ನವೆಂಬರಿನಲ್ಲಿ ಅವಳ ಹದಿನಾಲ್ಕರ ಮಗಳು ಮಾರ್ತೆ ತಿಳಿಸಿಕೊಟ್ಟಳು.

ನಾರ್ವೆಯ ಡ್ರಾಮೆನ್ ಊರಿನಲ್ಲಿ ಆಗಲೇ ನದಿಯ ಅಂಚು ಹೆಪ್ಪುಗಟ್ಟುತ್ತಿತ್ತು. ಈ ಹುಡುಗಿ ಮಾತ್ರ ತೆಳ್ಳನೆಯ ಸ್ವೆಟರ್ ಒಂದನ್ನೇ ಹಾಕಿಕೊಂಡು, ತುಟಿ ನೀಲಿ ಮಾಡಿಕೊಂಡು ಬಸ್ಸಿಗೆ ನಿಲ್ಲುತ್ತಿದ್ದಳು. ಮನೆಯಲ್ಲಿ ಕೋಟು ಇರಲಿಲ್ಲವೇ? ಇತ್ತು, ರಾಜನಂಥ ಕೋಟು. ಮೊಣಕಾಲು ಮುಟ್ಟುವಷ್ಟು ಉದ್ದ, ಟೋಪಿಗೆ ತುಪ್ಪಳದ ಅಂಚು. ಹೋದ ಚಳಿಗಾಲದಲ್ಲಿ ಅಂಥದ್ದೇ ಬೇಕೆಂದು ಮಾರ್ತೆ ಎರಡು ತಿಂಗಳು ಮುಖ ಊದಿಸಿಕೊಂಡಿದ್ದಳು. ಬೆಲೆ ಇಳಿಯಲಿ ಎಂದು ಸಿಗ್ನೆ ಕಾದಳು. ಇಳಿದದ್ದು ಮಾರ್ಚ್‌ನಲ್ಲಿ. ಹಾಕಿದ್ದು ಹತ್ತು ಹನ್ನೊಂದು ದಿನ ಇರಬಹುದು, ಅಷ್ಟರಲ್ಲಿ ಹಿಮ ಕರಗಿತು. ಈಗ ತೆಗೆದು ಕೊಟ್ಟರೆ, ಉದ್ದ ಕೋಟು ಹಾಕಿಕೊಂಡವಳು ಅಜ್ಜಿಯಂತೆ. ಈ ವರ್ಷ ಕೋಟು ಸೊಂಟಕ್ಕೇ ನಿಲ್ಲಬೇಕು, ಬಾತುಕೋಳಿ ಪುಕ್ಕ ತುಂಬಿಕೊಂಡು ಉಬ್ಬಿರಬೇಕು, ಕರ್ರಗೆ ಹೊಳೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎಡತೋಳಿನ ಮೇಲೆ ಬಿಳಿ ದಾರದಲ್ಲಿ ಹೊಲಿದ ಒಂದು ಪುಟ್ಟ ಲಂಗರು ಇರಬೇಕು. ಆ ಲಂಗರಿನ ಕೋಟಿಗೆ ಸಿಗ್ನೆಯ ಒಂದು ವಾರದ ಸಂಬಳ ಬೇಕಿತ್ತು. ಸೊಂಟ ಮುಚ್ಚದ ಕೋಟಿಗೆ! ಉಳಿದರ್ಧ ಬಟ್ಟೆಯನ್ನು ಅವರು ಏನು ಮಾಡುತ್ತಾರೆ ಎಂದು ಸಿಗ್ನೆ ಕೇಳಿದ್ದಕ್ಕೆ ಮಗಳು ಕಣ್ಣು ಮೇಲೆ ಮಾಡಿ ಎದ್ದುಹೋದಳು.

ತರಗತಿಯಲ್ಲಿ ಇಪ್ಪತ್ತಾರು ಮಕ್ಕಳು, ಹತ್ತೊಂಬತ್ತು ಲಂಗರುಗಳು. ಮಾರ್ತೆಯೇ ಎಣಿಸಿದ್ದಳು. ಬೀಜಗಣಿತದಲ್ಲಿ ಇಲ್ಲದ ಶ್ರದ್ಧೆ ಇದರಲ್ಲಿ ಎಲ್ಲಿಂದ ಬಂತೋ. ಬೇರೆಯವರಿಗಿಂತ ಬೇರೆಯಾಗಿ ಕಾಣಲು ತಾನೇ ಜನ ದುಬಾರಿ ಬಟ್ಟೆ ಕೊಳ್ಳುವುದು, ಹತ್ತೊಂಬತ್ತು ಮಂದಿ ಒಂದೇ ಥರ ಕಾಣಲು ಇಷ್ಟು ದುಡ್ಡು ಸುರಿಯಬೇಕೇ ಎಂದು ಸಿಗ್ನೆ ವಾದ ಹೂಡಿದಳು. ಮಾರ್ತೆ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಅತ್ತಿಂದಿತ್ತ ಉರುಳಿಸುತ್ತ ಹೇಳಿದ್ದು ಒಂದೇ ಮಾತು.

"ನೀನು ಚೀಪ್ ಆಗಿರೋದನ್ನ ದೊಡ್ಡ ಧರ್ಮ ಅನ್ನೋ ಥರ ಆಡ್ತೀಯಮ್ಮ. ಅದರ ಚಳಿ ನಂಗೆ ಹೊಡೀತಿದೆ."

ಆ ಮೇಲೆ ಮೂರು ವಾರ ತಾಯಿ ಮಗಳ ನಡುವೆ ನೆಟ್ಟಗೆ ಮಾತಿಲ್ಲ. ಹೂಂ, ಊಹೂಂ, ಬಾಗಿಲು ಧಡಾರ್. ಮಾರ್ತೆಯ ಅಪ್ಪ ಬರ್ಗನ್‌ನಲ್ಲಿ ಬೇರೆ ಸಂಸಾರ ಹೂಡಿಕೊಂಡು ಆರು ವರ್ಷವಾಗಿತ್ತು. ಆ ಮನೆಯಲ್ಲಿ ಇದ್ದದ್ದೇ ಇವರಿಬ್ಬರು. ಇಬ್ಬರಲ್ಲಿ ಒಬ್ಬರು ಮಾತು ಬಿಟ್ಟರೆ ಮನೆ ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಸಿಗ್ನೆ ಹಗಲೆಲ್ಲ ನಗರಸಭೆಯ ಕಾರಿನಲ್ಲಿ ಮನೆ ಮನೆ ಸುತ್ತಿ ವಯಸ್ಸಾದವರಿಗೆ ಮಾತ್ರೆ ಕೊಟ್ಟು, ಕಾಲುಚೀಲ ಏರಿಸಿ, ಅವರ ಹತ್ತಿರ ಬಾಯಿ ನೋಯುವಷ್ಟು ಮಾತಾಡಿ ಬರುತ್ತಿದ್ದಳು. ಮನೆಗೆ ಬಂದರೆ ಮುಚ್ಚಿದ ಬಾಗಿಲು. ಒಂದು ಸಂಜೆ ಆ ಬಾಗಿಲ ಮುಂದೆ ನಿಂತು, ಇದು ಹೀಗೇ ಮುಂದುವರಿದು ಹುಡುಗಿ ಹದಿನೆಂಟಕ್ಕೆ ಮನೆ ಬಿಟ್ಟರೆ ತಿರುಗಿಯೂ ನೋಡುವುದಿಲ್ಲ ಎಂದು ಹೆದರಿದಳು. ಹೆದರಿಕೆಗೆ ಕಾರಣ ಒಂದು ಲಂಗರು ಎಂದು ನೆನೆದು ಮೈಯೆಲ್ಲ ಉರಿಯಿತು.

ಇಂಥ ಹೊತ್ತಿನಲ್ಲೇ ಶಾಲೆಯ ಬ್ಯಾಂಡಿನ ಹಳೆ ಸಾಮಾನಿನ ಸಂತೆ ಬಂತು.

ಮಕ್ಕಳ ತುತ್ತೂರಿ, ನಗಾರಿ, ಸಮವಸ್ತ್ರ ಎಲ್ಲಕ್ಕೂ ವರ್ಷಕ್ಕೊಮ್ಮೆ ನಡೆಯುವ ಈ ಸಂತೆಯೇ ಆಧಾರ. ಸುತ್ತಲಿನ ಮನೆಗಳವರು ಬೇಡದ್ದನ್ನೆಲ್ಲ ಚೀಲದಲ್ಲಿ ತುಂಬಿ ಶಾಲೆಗೆ ತಂದು ಸುರಿಯುತ್ತಾರೆ. ಬ್ಯಾಂಡಿನ ಮಕ್ಕಳು ಹೊರುತ್ತಾರೆ, ಅಪ್ಪ ಅಮ್ಮಂದಿರು ವಿಂಗಡಿಸುತ್ತಾರೆ, ಶನಿವಾರ ಹತ್ತಕ್ಕೆ ಬಾಗಿಲು ತೆರೆದು ಮಾರುತ್ತಾರೆ. ಯಾರಿಗೂ ಕೂಲಿಯಿಲ್ಲ, ಎಲ್ಲ ದುಗ್ನಾದ್, ಊರಿನ ಬಿಟ್ಟಿ ಕೆಲಸ. ತಪ್ಪಿಸಿಕೊಂಡವನನ್ನು ಇಡೀ ಬೀದಿ ಕಣ್ಣಲ್ಲೇ ಸುಡುತ್ತದೆ.

ಬಟ್ಟೆ ವಿಭಾಗ ಹನ್ನೊಂದು ವರ್ಷದಿಂದ ಸಿಗ್ನೆಯದು. ಮಾರ್ತೆ ಬ್ಯಾಂಡಿಗೆ ಸೇರುವ ಮುಂಚೆಯೇ, ಅಕ್ಕಪಕ್ಕದವರು ಕರೆದರೆಂದು ಬಂದವಳು ಅಲ್ಲೇ ಬೇರುಬಿಟ್ಟಿದ್ದಳು. ಕೈಕೆಲಸದ ಕೋಣೆಯ ಕರಿಹಲಗೆಯ ಮೇಲೆ ಪ್ರತಿ ವರ್ಷ ಅವಳೇ ಒಂದು ಸಾಲು ಬರೆಯುತ್ತಿದ್ದಳು. ದುಡಿಯಲು ಬಂದವರು ಬಾಗಿಲು ತೆರೆಯುವ ಮುಂಚೆ ಏನನ್ನೂ ತಮಗೆಂದು ಎತ್ತಿಡುವಂತಿಲ್ಲ. ಕೆಳಗೆ ಎರಡು ಗೆರೆ. ಒಳ್ಳೆಯದನ್ನೆಲ್ಲ ನಾವೇ ಬಾಚಿಕೊಂಡರೆ ಸರದಿಯಲ್ಲಿ ಕಾಯುವವರಿಗೆ ಹರಕಲು ಉಳಿಯುತ್ತದೆ ಎನ್ನುವುದು ಅವಳ ತರ್ಕ. ತಪ್ಪೇನಿಲ್ಲ. ಆದರೆ ಹೇಳುವ ರೀತಿ ಇತ್ತಲ್ಲ, ಅದು ಕೆಲವರಿಗೆ ಅಜೀರ್ಣವಾಗುತ್ತಿತ್ತು. ಒಮ್ಮೆ ಯಾರೋ ತಾಯಿ ಮಗುವಿಗೆಂದು ಒಂದು ಜೊತೆ ಕೈಗವಸು ಬದಿಗಿಟ್ಟಾಗ, ಸಿಗ್ನೆ ಎಲ್ಲರೆದುರು ಅದನ್ನು ಎತ್ತಿ ರಾಶಿಗೆ ಎಸೆದಿದ್ದಳು.

ಆ ಶುಕ್ರವಾರ ಮಧ್ಯಾಹ್ನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದದ್ದೆಲ್ಲ ಕೋಟು, ಅದೂ ಉದ್ದ ಕೋಟು. ಹೋದ ವರ್ಷದ ಹುಚ್ಚು ಹಾಗೇ ಚೀಲ ಸೇರಿ ಬಂದಿತ್ತು. ಕೆಲವುಗಳ ಜೇಬಿನಲ್ಲಿ ಅಂಗಡಿಯ ಹೆಚ್ಚುವರಿ ಗುಂಡಿಯ ಪೊಟ್ಟಣ ಇನ್ನೂ ಒಡೆದಿರಲಿಲ್ಲ. ಸಿಗ್ನೆ ಒಂದೊಂದನ್ನೇ ತೂಗುಹಾಕುತ್ತ ಒಳಗೊಳಗೇ ಬೈಯುತ್ತಿದ್ದಳು. ಬೆಟ್ಟದ ಮೇಲಿನ ಗಾಜಿನ ಮನೆಗಳ ಸಿರಿವಂತರನ್ನು ಬೈದಳು, ಕೋಟು ಹೊಲಿದವರನ್ನು ಬೈದಳು, ಮಾರ್ಚ್‌ನಲ್ಲಿ ಅರ್ಧ ಬೆಲೆ ಕೊಟ್ಟು ತಂದ ತನ್ನನ್ನೂ ಬಿಡಲಿಲ್ಲ. ಪೀಠೋಪಕರಣದ ಉಸ್ತುವಾರಿ ಮುದುಕ ತ್ರಿಗ್ವೆ ಬಾಗಿಲಲ್ಲಿ ತಲೆ ಹಾಕಿ, ಇಷ್ಟು ಕೋಟಿನಲ್ಲಿ ಒಂದು ಸೈನ್ಯ ಕಟ್ಟಬಹುದು, ಹೋದ ವರ್ಷದ ಸೈನ್ಯ, ಎಂದು ನಕ್ಕು ಹೋದ. ಅವಳಿಗೆ ನಗು ಬರಲಿಲ್ಲ. ಇವನ್ನು ನಾಳೆ ಪುಕ್ಕಟೆ ಕೊಟ್ಟರೂ ಹದಿನಾಲ್ಕು ವಯಸ್ಸಿನ ಒಂದು ಪ್ರಾಣಿಯೂ ಮುಟ್ಟುವುದಿಲ್ಲ.

ಮಕ್ಕಳು ಗೇಟಿನಿಂದ ಚೀಲ ಹೊತ್ತು ತರುತ್ತಲೇ ಇದ್ದರು. ಮಾರ್ತೆ ಬಂದಿರಲಿಲ್ಲ, ಆ ಅಜ್ಜಿ ಕೋಟು ಹಾಕಿಕೊಂಡು ಬರುವುದಿಲ್ಲ, ಹಾಕದೆ ಬಂದರೆ ಎಲ್ಲರೆದುರು ನೀನು ಬೈತೀಯ ಎಂದು ಮಲಗಿಬಿಟ್ಟಿದ್ದಳು. ಎಲ್ಲರಿಗಿಂತ ಹೆಚ್ಚು ಹೊತ್ತವಳು ಟ್ರಾಂಬೋನ್ ನುಡಿಸುವ ರಾಗ್ನಿ, ಮಾರ್ತೆಯ ತರಗತಿಯವಳೇ. ಮಾತು ಕಡಿಮೆ, ಗಟ್ಟಿ ರಟ್ಟೆ. ಆ ಚಳಿಯಲ್ಲಿ ಬರೀ ಟಿ-ಶರ್ಟಿನಲ್ಲಿ ಓಡಾಡುತ್ತಿದ್ದ ಅವಳ ತೋಳು ಕೆಂಪಾಗಿತ್ತು. ಇವಳಿಗೂ ಅದೇ ರೋಗ ಹಿಡಿದಿರಬೇಕು, ಲಂಗರಿಲ್ಲವೆಂದು ಮೈ ಹೆಪ್ಪುಗಟ್ಟಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ ಸಿಗ್ನೆ, ಬಾಯಿಗೆ ಬಂದ ಮಾತನ್ನು ನುಂಗಿ ಅವಳಿಗೊಂದು ಬನ್ನು ಕೊಟ್ಟಳು.

ನಾಲ್ಕು ಗಂಟೆಗೆ ಕಾಫಿಯ ಫ್ಲಾಸ್ಕ್ ತೆಗೆಯಲು ತನ್ನ ಮೇಜಿನ ಕೆಳಗೆ ಬಗ್ಗಿದಾಗ ಅಲ್ಲೊಂದು ಬಿಳಿ ಕಾಗದದ ಚೀಲ ಕಂಡಿತು. ದಪ್ಪ ಕಾಗದ, ಹಗ್ಗದ ಹಿಡಿ, ಮೂಲೆ ಮುರಿಯದಂತೆ ಇಟ್ಟುಕೊಂಡಿದ್ದ ಅಂಗಡಿಯ ಚೀಲ. ಒಳಗೆ ತೆಳು ಕಾಗದದಲ್ಲಿ ಸುತ್ತಿದ ಕೋಟು. ಕಪ್ಪು, ಗಿಡ್ಡ, ಮಿರಿಮಿರಿ. ಎಡತೋಳಿನ ಮೇಲೆ ಲಂಗರು.

ಸಿಗ್ನೆ ಅಲ್ಲೇ ನೆಲದ ಮೇಲೆ ಕುಳಿತಳು. ಅಳತೆ ನೋಡಿದಳು. ಮಾರ್ತೆಯದೇ ಅಳತೆ.

ಈ ವರ್ಷದ್ದನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಚೆನ್ನಾಗಿಯೇ ಬಂತು. ಅವಳು ಅದನ್ನು ಕೂರಿಸಿ ಮಾತಾಡಿಸಲಿಲ್ಲ, ಅಷ್ಟೇ. ಕೊಡುವವರು ಏನನ್ನಾದರೂ ಕೊಡುತ್ತಾರೆ, ಈ ಊರಿನ ಜನಕ್ಕೆ ತಲೆ ಸರಿಯಿಲ್ಲ, ಇಬ್ಬರು ಅಜ್ಜಿಯರು ಒಂದೇ ಉಡುಗೊರೆ ತಂದಿರಬೇಕು ಎಂದು ತನಗೆ ತಾನೇ ಒಂದು ಕಥೆ ಕಟ್ಟಿಕೊಂಡಳು. ಸಂತೆಗೆ ಬಂದ ಚೀಲ ಸಂತೆಯ ಚೀಲ. ಹನ್ನೊಂದು ವರ್ಷದಲ್ಲಿ ನಾನು ಒಂದು ಕರವಸ್ತ್ರವನ್ನಾದರೂ ಮನೆಗೆ ಒಯ್ದಿದ್ದೇನೆಯೇ? ಒಂದು ಸಲ, ಒಂದೇ ಸಲ. ಮೇಲೆ ಕರಿಹಲಗೆಯ ಅಕ್ಷರಗಳು ಇದ್ದವು. ಅವಳು ಅತ್ತ ನೋಡಲಿಲ್ಲ. ಕೋಟುಗಳಿಗೆ ಕಟ್ಟಿದ್ದ ಬೆಲೆ ಐವತ್ತು ಕ್ರೋನ. ಅದನ್ನು ದುಡ್ಡಿನ ಡಬ್ಬಿಗೆ ಹಾಕಿದಳು, ಯಾರೂ ಕೇಳದಿದ್ದರೂ ಕಳ್ಳಿಯಂತೆ ಸದ್ದಾಗದ ಹಾಗೆ ಹಾಕಿದಳು. ಐದಕ್ಕೆ ತಲೆನೋವು ಎಂದು ತ್ರಿಗ್ವೆಗೆ ಹೇಳಿ, ಕೋಣೆಗೆ ಬೀಗ ಹಾಕಿ, ಬಿಳಿ ಚೀಲವನ್ನು ತನ್ನ ಹಳೆಯ ಶಾಲಿನ ಕೆಳಗೆ ಮುಚ್ಚಿಕೊಂಡು ಕಾರಿಗೆ ನಡೆದಳು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಶುಕ್ರವಾರವೆಂದ ಮೇಲೆ ಆ ಊರಿನ ಮನೆಮನೆಯಲ್ಲೂ ಟ್ಯಾಕೊ, ಮಾಂಸ ತುಂಬಿ ಮಡಚಿದ ಜೋಳದ ರೊಟ್ಟಿ. ಮಾಂಸ ಹುರಿಯುವ ವಾಸನೆಗೆ ಮಾರ್ತೆ ಕೋಣೆಯಿಂದ ಹೊರಬಂದಳು, ಎಂದಿನಂತೆ ಮುಖ ಎತ್ತದೆ. ಅವಳ ಕುರ್ಚಿಯ ಬೆನ್ನಿಗೆ ಕೋಟು ತೂಗುಹಾಕಿತ್ತು. ಹುಡುಗಿ ಲಂಗರನ್ನು ಒಂದು ಬೆರಳಿನಿಂದ ಮುಟ್ಟಿದಳು, ಒರಿಜಿನಲ್ಲೋ ಅಲ್ಲವೋ ಎಂದು ಹೊಲಿಗೆ ತಿರುಗಿಸಿ ನೋಡಿದಳು. ಎಲ್ಲಿಂದ ಬಂತೆಂದು ಕೇಳಿದಳು. ಸಂತೆಗೆ ಬಂದಿತ್ತು ಎಂದು ಸಿಗ್ನೆ ಹೇಳಿದಳು, ಬೆಟ್ಟದ ಮೇಲಿನವರು ಯಾರೋ ಕೊಟ್ಟಿರಬೇಕು. ಮಾರ್ತೆ ಒಂದು ಗಳಿಗೆ ಅಮ್ಮನ ಮುಖವನ್ನೇ ನೋಡಿದಳು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತವಳು ತಿರುಗಿ ಬಂದು ತಾಯಿಯನ್ನು ತಬ್ಬಿಕೊಂಡಳು. ಪುಕ್ಕ ತುಂಬಿದ ಆ ತೋಳುಗಳ ನಡುವೆ ಸಿಗ್ನೆಯ ಕಣ್ಣಲ್ಲಿ ನೀರು ಬಂತು.

ಕೋಟು ಬಿಚ್ಚದೆಯೇ ಊಟವಾಯಿತು. ಹುಳಿಕೆನೆ ಬಿದ್ದೀತು ಜೋಪಾನ ಎಂದು ಸಿಗ್ನೆ ಮೂರು ಸಲ ಹೇಳಿದಳು. ಬ್ಯಾಂಡಿನ ಹೊಸ ಮೇಷ್ಟ್ರು ಹೇಗೆ ಮೂಗು ಸೇದುತ್ತಾರೆ, ಗಣಿತದ ಪರೀಕ್ಷೆ ಹೇಗೆ ಹಾಳಾಯಿತು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಮೂರು ವಾರದ ಮಾತೆಲ್ಲ ಒಂದೇ ಸಲ ಬಂತು. ಕೋಟು ಕೊಟ್ಟರೆ ಮಗಳು ವಾಪಸು ಸಿಗುತ್ತಾಳೆ ಎಂದಾದರೆ, ಹಾಳಾಗಿ ಹೋಗಲಿ, ಲೋಕವೇ ಹಾಗಿದ್ದರೆ ನಾನೇನು ಮಾಡಲಿ ಎಂದು ಸಿಗ್ನೆ ಅಂದುಕೊಂಡಳು. ಆ ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು.

ಮರುದಿನ ಒಂಬತ್ತೂಕಾಲಿಗೆ ಇಬ್ಬರೂ ಕಾರಿನಲ್ಲಿ ಶಾಲೆಯ ಮುಂದೆ ನಿಂತರು. ಮಾರ್ತೆ ಮುಂದಿನ ಸೀಟಿನಲ್ಲಿ ಕೋಟು ಹಾಕಿಕೊಂಡು, ತುತ್ತೂರಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಳಿಯುವ ಮುಂಚೆ ಇಬ್ಬರ ಫೋನೂ ಒಟ್ಟಿಗೇ ಸದ್ದು ಮಾಡಿದವು. ಬ್ಯಾಂಡಿನ ಗುಂಪಿಗೆ ರಾಗ್ನಿಯ ತಾಯಿ ಗ್ರೆತೆ ಬರೆದಿದ್ದಳು. ನಿನ್ನೆ ರಾಗ್ನಿ ತನ್ನ ಹೊಸ ಕೋಟನ್ನು ಧೂಳಾಗದಿರಲಿ ಎಂದು ಬಿಳಿ ಚೀಲಕ್ಕೆ ಹಾಕಿ ಬಟ್ಟೆಯ ಕೋಣೆಯಲ್ಲಿ ಇಟ್ಟಿದ್ದಳು. ಸಂಜೆ ಕೋಣೆಗೆ ಬೀಗ ಬಿದ್ದಿತ್ತು, ಒಳಗೇ ಇದೆ ಎಂದುಕೊಂಡು ಹಾಗೇ ಮನೆಗೆ ಬಂದಳು. ಈಗ ತ್ರಿಗ್ವೆಯ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ತೆರೆದು ನೋಡಿದರೆ ಇಲ್ಲ. ಕಪ್ಪು, ಗಿಡ್ಡ, ಲಂಗರಿನದು. ಯಾರಾದರೂ ತಪ್ಪಿ ಮಾರಾಟಕ್ಕೆ ತೂಗುಹಾಕಿದ್ದರೆ ದಯವಿಟ್ಟು ಬಾಗಿಲು ತೆರೆಯುವ ಮುಂಚೆ ಹೇಳಿ.

ಸಂತೆಯ ಶಾಲೆಯಲ್ಲಿ ಚೀಲ ಎಂದರೆ ದಾನ. ಅಷ್ಟು ಜೋಪಾನ ಮಾಡದೆ ಎಲ್ಲರಂತೆ ಬೆಂಚಿನ ಮೇಲೆ ಬಿಸಾಕಿದ್ದರೆ ಆ ಕೋಟು ಅಲ್ಲೇ ಬಿದ್ದಿರುತ್ತಿತ್ತು.

ಸಿಗ್ನೆ ಎರಡು ಸಲ ಓದಿದಳು. ಮಗಳ ಕಡೆ ತಿರುಗುವ ಧೈರ್ಯ ಬರಲಿಲ್ಲ.

"ಹತ್ತೊಂಬತ್ತು ಇದಾವಮ್ಮ," ಎಂದಳು ಮಾರ್ತೆ, ಸಣ್ಣ ದನಿಯಲ್ಲಿ. "ಎಲ್ಲಾ ಒಂದೇ ಥರ. ಯಾರಿಗೂ ಗೊತ್ತಾಗಲ್ಲ."

ಗೊತ್ತಾಗುವುದಿಲ್ಲ, ಹೌದು. ಆ ಮಾತಿನ ಹಿಂದೆಯೇ ಸಿಗ್ನೆಯ ಮನಸ್ಸೂ ಒಂದೆರಡು ಹೆಜ್ಜೆ ಹೋಯಿತು. ಅಷ್ಟರಲ್ಲಿ ಜಿಪ್ಪು ಎಳೆದ ಸದ್ದು ಕೇಳಿತು. ಮಾರ್ತೆ ಕೋಟು ಬಿಚ್ಚುತ್ತಿದ್ದಳು, ತೋಳಿಗೆ ಸಿಕ್ಕಿಕೊಂಡ ಕೈಯನ್ನು ಸಿಟ್ಟಿನಿಂದ ಕೊಡವುತ್ತಿದ್ದಳು.

"ರಾಗ್ನಿ ಬೇಸಿಗೆಯೆಲ್ಲಾ ಸ್ಟ್ರಾಬೆರಿ ಕೀಳೋಕೆ ಹೋಗಿದ್ಲು. ನಾವೆಲ್ಲ ಈಜೋಕೆ ಹೋಗ್ತಾ ಕರೆದ್ರೂ ಬರ್ಲಿಲ್ಲ. ಇದಕ್ಕೇ ಅಂತ ಈಗ ಗೊತ್ತಾಗ್ತಿದೆ." ಕೋಟು ತಾಯಿಯ ತೊಡೆಯ ಮೇಲೆ ಬಿತ್ತು. "ಈ ವರ್ಷದ್ದನ್ನ ಯಾರೂ ಕೊಡಲ್ಲ ಅಂತ ನಿನ್ನೇನೇ ನಂಗೆ ಅನ್ನಿಸ್ತು. ನಿಂಗೆ ಅನ್ನಿಸ್ಲಿಲ್ವಾ?"

"ಅನ್ನಿಸ್ತು," ಎಂದಳು ಸಿಗ್ನೆ.

"ಮತ್ತೆ?"

ಮತ್ತೆ ಏನು ಎಂದು ಅವಳು ಹೇಳಿಯಾಳು? ನಿನಗೋಸ್ಕರ ಎಂದರೆ ಆ ಭಾರವನ್ನೂ ಹುಡುಗಿಯ ತಲೆಗೆ ಕಟ್ಟಿದಂತೆ. ಸಿಗ್ನೆ ಕೋಟನ್ನು ಕೊಡವಿ, ಟ್ಯಾಕೊ ವಾಸನೆ ಹತ್ತಿದೆಯೇ ಎಂದು ಮೂಸಿ, ಮಡಿಸಿ, ಹಿಂದಿನ ಸೀಟಿನಲ್ಲೇ ಬಿದ್ದಿದ್ದ ಬಿಳಿ ಚೀಲಕ್ಕೆ ಹಾಕಿದಳು. ತೆಳು ಕಾಗದ ಮನೆಯಲ್ಲೇ ಉಳಿದಿತ್ತು. ಮಾರ್ತೆ ಸ್ವೆಟರಿನಲ್ಲೇ ಇಳಿದು, ಹಿಂಬಾಗಿಲಿನಿಂದ ಪುಸ್ತಕಗಳ ಕೋಣೆಗೆ ಹೋದಳು.

ಕಾರಿನಿಂದ ಬಾಗಿಲಿಗೆ ನೂರು ಹೆಜ್ಜೆ. ಅಷ್ಟರೊಳಗೆ ಸಿಗ್ನೆಯ ಬಾಯಲ್ಲಿ ಒಂದು ಒಳ್ಳೆಯ ಸುಳ್ಳು ಸಿದ್ಧವಾಯಿತು. ಯಾರದೋ ಮರೆತ ಚೀಲ ಎಂದುಕೊಂಡು ಭದ್ರವಾಗಿರಲಿ ಎಂದು ಕಾರಿನಲ್ಲಿ ಇಟ್ಟಿದ್ದೆ ಎಂದರಾಯಿತು. ಯಾರು ಅನುಮಾನ ಪಡುತ್ತಾರೆ? ಇಡೀ ಶಾಲೆಯಲ್ಲಿ ಆ ಮಾತನ್ನು ಹೇಳಿ ದಕ್ಕಿಸಿಕೊಳ್ಳಬಲ್ಲವಳು ಅವಳೊಬ್ಬಳೇ.

ಕೋಣೆಯಲ್ಲಿ ಏಳೆಂಟು ಜನ ಸೇರಿದ್ದರು. ಚೀಲಗಳನ್ನೆಲ್ಲ ಬುಡಮೇಲು ಮಾಡಿ ಹುಡುಕಿದ್ದರು. ಗ್ರೆತೆ ಕ್ಯಾಂಟೀನಿನಿಂದ ಏಪ್ರನ್ ಕಟ್ಟಿಕೊಂಡೇ ಓಡಿಬಂದಿದ್ದಳು, ಕೈಯೆಲ್ಲ ವಾಫಲ್ ಹಿಟ್ಟು. ತ್ರಿಗ್ವೆ ನೆಲದ ಮೇಲೆ ಮೊಣಕಾಲೂರಿ ಮೇಜಿನ ಕೆಳಗೆ ನೋಡುತ್ತಿದ್ದ. ನಡುವೆ ರಾಗ್ನಿ ನಿಂತಿದ್ದಳು. ಅಳುತ್ತಿರಲಿಲ್ಲ, ಅತ್ತು ಮುಗಿಸಿದಂತಿದ್ದಳು. ಸಿಗ್ನೆಯ ಕೈಯಲ್ಲಿ ಬಿಳಿ ಚೀಲ ಕಂಡದ್ದೇ ಅವಳ ಮುಖ ಬಿಚ್ಚಿಕೊಂಡಿತು.

"ನಾನು ಹೇಳಿದ್ನಲ್ಲಮ್ಮ," ಎಂದು ತಾಯಿಯ ತೋಳು ಹಿಡಿದು ಅಲ್ಲಾಡಿಸಿದಳು. "ಹೊರಗಡೆ ಗೂಟಕ್ಕೆ ಹಾಕಿದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ಇವರ ಮೇಜಿನ ಕೆಳಗೇ ಇಟ್ಟಿದ್ದೆ. ಇವರ ಹತ್ರ ಇಟ್ಟಿದ್ದು ಎಲ್ಲೂ ಹೋಗಲ್ಲ ಅಂತ ಗೊತ್ತಿತ್ತು ನಂಗೆ. ನೋಡು, ಇವರೇ ಎತ್ತಿಟ್ಟಿದಾರೆ."

ಅಯ್ಯೋ ದೇವರೇ. ಸುಳ್ಳು ಹೇಳುವ ಕಷ್ಟವೂ ಉಳಿಯಲಿಲ್ಲ. ಆ ಮಗುವೇ ಎಲ್ಲವನ್ನೂ ಹೇಳಿ ಮುಗಿಸಿತ್ತು. ಸಿಗ್ನೆ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ್ದರೆ ಸಾಕಾಗಿತ್ತು. ಸುತ್ತಲಿನವರು ಆಗಲೇ ತಲೆಯಾಡಿಸುತ್ತಿದ್ದರು, ಸಿಗ್ನೆ ಅಂದರೆ ಸಿಗ್ನೆ ಎಂಬಂತೆ. ಅವಳು ಚೀಲವನ್ನು ಮೇಜಿನ ಮೇಲಿಟ್ಟಳು.

"ಎತ್ತಿಟ್ಟಿರ್ಲಿಲ್ಲ ಪುಟ್ಟಾ," ಎಂದಳು. "ನಾನೇ ತಗೊಂಡು ಹೋದೆ. ಮನೆಗೆ. ಮಾರ್ತೆ ನಿನ್ನೆ ಹಾಕ್ಕೊಂಡಿದ್ಲು. ಯಾರೋ ಕೊಟ್ಟಿದ್ದು ಅಂದ್ಕೊಂಡೆ. ಅಲ್ಲದೇ ಇರಬಹುದು ಅಂತಾನೂ ಅನ್ನಿಸಿತ್ತು. ಆದ್ರೂ ತಗೊಂಡು ಹೋದೆ."

ಕರಿಹಲಗೆಯ ಎರಡು ಗೆರೆಗಳ ಕೆಳಗೆ ನಿಂತು ಇದನ್ನು ಹೇಳಿದ ಮೇಲೆ ಅವಳು ಕಾದಳು. ಎಲ್ಲರೂ ಸೇರಿ ಬೈಯಲಿ, ಹಾಳಾಗಿ ಹೋಗಲಿ, ಬಟ್ಟೆಯ ಕೋಣೆಯ ಕೀಲಿ ಕೊಟ್ಟು ಮನೆಗೆ ಹೋಗುತ್ತೇನೆ ಎಂದು ಜೇಬಿನೊಳಗೆ ಕೀಲಿಯನ್ನು ಹಿಡಿದುಕೊಂಡೂ ಆಗಿತ್ತು.

ಮೊದಲು ನಕ್ಕವನು ತ್ರಿಗ್ವೆ. ನೆಲದಿಂದ ಏಳಲಾರದೆ ಮೇಜಿನ ಕಾಲು ಹಿಡಿದುಕೊಂಡೇ ನಕ್ಕ.

"ನಮ್ಮನೆ ಊಟದ ಮೇಜು ಎಲ್ಲಿಂದ ಬಂತು ಅಂತ ತಿಳ್ಕೊಂಡಿದೀಯಮ್ಮ ನೀನು? ಆಕಾಶದಿಂದ ಬಿತ್ತಾ?"

ಆಮೇಲೆ ಒಬ್ಬೊಬ್ಬರದೇ ಹೊರಬಂತು. ಪುಸ್ತಕದವಳು ಶುಕ್ರವಾರ ಸಂಜೆಯೇ ಒಂದು ಪೆಟ್ಟಿಗೆ ತುಂಬಿಕೊಳ್ಳುತ್ತಿದ್ದಳಂತೆ. ಆಟಿಕೆಯವನ ಮನೆಯಲ್ಲಿ ಆಟದ ರೈಲಿನ ಒಂದು ನಿಲ್ದಾಣವೇ ಇತ್ತಂತೆ. ಗ್ರೆತೆಯ ಪರದೆ, ದೀಪ, ಇವತ್ತು ಹಿಟ್ಟು ಹುಯ್ಯುತ್ತಿದ್ದ ವಾಫಲ್ ಕಾವಲಿ ಕೂಡ ಹೀಗೇ ಬಂದದ್ದಂತೆ. ಸಿಗ್ನೆ ಬಂದಾಗ ಸುಮ್ಮನಿರಬೇಕು, ಅವಳು ಕಾಫಿಗೆ ಹೋದಾಗ ಸಾಗಿಸಬೇಕು, ಇದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಹನ್ನೊಂದು ವರ್ಷ ಆ ನಿಯಮವನ್ನು ಪಾಲಿಸಿದವಳು ಇಡೀ ಶಾಲೆಯಲ್ಲಿ ಬರೆದವಳೊಬ್ಬಳೇ. ಸಿಗ್ನೆಗೆ ನಾಚಿಕೆಯ ನಡುವೆಯೂ ಎಂಥ ಕೋಪ ಬಂತೆಂದರೆ, ಆ ಮೇಜು ವಾಪಸು ತನ್ನಿ ಎಂದು ತ್ರಿಗ್ವೆಯ ಮೇಲೆ ಎಗರಲು ಹೊರಟವಳು ತಾನು ಯಾರು ಹೇಳಲು ಎಂದು ನೆನಪಾಗಿ ನಿಂತಳು. ಗ್ರೆತೆ ಹಿಟ್ಟಿನ ಕೈಯಲ್ಲೇ ಅವಳ ಬೆನ್ನು ತಟ್ಟಿದಳು.

"ಹೋಗ್ಲಿ ಬಿಡೇ. ಕೋಟು ಸಿಕ್ತಲ್ಲ. ನಿನ್ನ ಜಾಗದಲ್ಲಿ ನಾನಿದ್ರೂ ತಗೊಂಡು ಹೋಗ್ತಿದ್ದೆ. ಈ ಮಕ್ಕಳ ಕಾಟ ಯಾರಿಗೆ ಗೊತ್ತಿಲ್ಲ."

ಇಷ್ಟೇ. ಕೀಲಿಯನ್ನು ಯಾರೂ ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರೆಲ್ಲ ಸಿಗ್ನೆಯನ್ನು ತಮ್ಮವಳಂತೆ ನೋಡಿದರು. ಒಬ್ಬನಂತೂ ಭುಜಕ್ಕೊಂದು ಗುದ್ದಿ, ಬಾ ನಮ್ಮ ಕಡೆಗೆ ಎಂದು ಹೇಳಿ ಹೋದ. ಕ್ಷಮೆ ಇಷ್ಟು ಅಗ್ಗಕ್ಕೆ ಸಿಗುತ್ತದೆ ಎಂದು ಸಿಗ್ನೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಸಮಾಧಾನವಾಗಬೇಕಿತ್ತು, ಇನ್ನಷ್ಟು ರೇಗಿತು.

ನಗದೆ ಇದ್ದವಳು ರಾಗ್ನಿಯೊಬ್ಬಳು. ಅವಳು ಚೀಲದಿಂದ ಕೋಟು ತೆಗೆದಳು, ತೋಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು, ಹಾಕಿಕೊಂಡಳು. ಸಿಗ್ನೆ ಅವಳ ಹತ್ತಿರ ಹೋಗಿ ತಪ್ಪಾಯಿತು ಎಂದಳು. ಪರವಾಗಿಲ್ಲ ಎಂದು ಹುಡುಗಿ ಹೇಳಿದಳು. ದೊಡ್ಡವರು ತಪ್ಪೊಪ್ಪಿಕೊಂಡಾಗ ಮಕ್ಕಳು ಇನ್ನೇನು ಹೇಳಲು ಸಾಧ್ಯ?

ಹತ್ತಕ್ಕೆ ಬಾಗಿಲು ತೆರೆಯಿತು. ಹೊರಗೆ ಕಾಯುತ್ತಿದ್ದ ಸರದಿ ಒಂದೇ ಏಟಿಗೆ ಒಳನುಗ್ಗಿತು. ಉದ್ದ ಕೋಟುಗಳ ಕಡೆ ಯಾರೂ ತಲೆ ಹಾಕಲಿಲ್ಲ, ನಾಯಿಯನ್ನು ಮಲಗಿಸಲು ಬೇಕೆಂದು ಒಬ್ಬಳು ಎರಡು ಒಯ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಕೋಣೆಯಲ್ಲಿ ಜನ, ಉಸಿರು, ಉಣ್ಣೆಯ ವಾಸನೆ, ಶಾಲೆಯ ಹೀಟರು ಎಲ್ಲ ಸೇರಿ ಉಸಿರುಗಟ್ಟುವಂತಾಯಿತು. ಸಿಗ್ನೆ ಸ್ವೆಟರ್ ಬಿಚ್ಚಿ, ಅಂಗಿಯ ತೋಳು ಮಡಿಸಿಕೊಂಡಳು. ತ್ರಿಗ್ವೆ ಬರೀ ಬನಿಯನ್ನಿನಲ್ಲಿ ಬೀರು ಹೊರುತ್ತಿದ್ದ. ಬ್ಯಾಂಡಿನ ಮಕ್ಕಳ ಲಂಗರಿನ ಕೋಟುಗಳು ಕಿಟಕಿಯ ಕಟ್ಟೆಯ ಮೇಲೆ, ಕುರ್ಚಿಯ ಮೇಲೆ, ನೆಲದ ಮೇಲೆ ಎಲ್ಲೆಂದರಲ್ಲಿ ರಾಶಿ ಬಿದ್ದಿದ್ದವು.

ರಾಗ್ನಿ ಕೋಟು ಹಾಕಿಕೊಂಡೇ ಪೆಟ್ಟಿಗೆ ಹೊರುತ್ತಿದ್ದಳು. ಮುಖ ಕೆಂಡದ ಹಾಗಾಗಿತ್ತು, ಕೂದಲು ಹಣೆಗೆ ಅಂಟಿತ್ತು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒಂದು ಸಲ, ಎರಡು ಸಲ, ನಾಲ್ಕು ಸಲ ಅವಳು ಮೇಜಿನ ಮುಂದೆ ಹಾದುಹೋದಳು. ಐದನೆಯ ಸಲ ಸಿಗ್ನೆಗೆ ತಡೆಯಲಾಗಲಿಲ್ಲ.

"ರಾಗ್ನಿ, 'ಪರವಾಗಿಲ್ಲ' ಅಂತ ಹೇಳಿ ಹೀಗೆ ಬೆಂದುಹೋಗ್ತೀಯಲ್ಲೇ. ಬಿಚ್ಚಿ ಇಲ್ಲಿ ಕೊಡು. ನಾನು ನೋಡ್ಕೋತೀನಿ."

ಹುಡುಗಿ ಪೆಟ್ಟಿಗೆಯನ್ನು ಕೆಳಗಿಟ್ಟು, ಮುಂಗೈಯಿಂದ ಹಣೆ ಒರೆಸಿಕೊಂಡಳು. ಸಿಗ್ನೆಯನ್ನು ನೋಡಿದಳು, ಮೇಜಿನ ಕೆಳಗಿನ ಜಾಗವನ್ನೂ ನೋಡಿದಳು.

"ಬೇಡ," ಎಂದಳು, ಮರ್ಯಾದೆಯಿಂದಲೇ. "ನಂಗೆ ಸೆಕೆ ಆಗ್ತಿಲ್ಲ."

ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಅವಳು ಮತ್ತೆ ಪೆಟ್ಟಿಗೆ ಎತ್ತಿಕೊಂಡಳು.